ದೊಡ್ಡವ್ವ ಗಾಳಿಗೆ ಬೆಲೆ ಕಟ್ಟಿದ್ದು

ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ದೊಡ್ಡವ್ವ ತನ್ನ ಬದುಕಿನ ಅತಿ ದೊಡ್ಡ ಸುಳ್ಳನ್ನು ಹೇಳಿದಳು. ಒಂದೇ ಶಬ್ದದ ಸುಳ್ಳು. “ಆರಾಮ!” ಅಲ್ಲಿಂದಲೇ ಎಲ್ಲ ಕೆಟ್ಟಿತು. ಸಮಯ ಇಷ್ಟು ಕರಾರುವಾಕ್ಕಾಗಿ ಹೇಗೆ ನೆನಪಿದೆ ಎಂದಿರಾ? ಅದಕ್ಕೆ ತುಸು ಮೊದಲಷ್ಟೇ ನಾನು ಸ್ಕೂಟರ್ ನಿಲ್ಲಿಸಿ, ಊಟದ ಹೊತ್ತಿಗಾದರೂ ಮನೆ ಮುಟ್ಟುತ್ತೇವೋ ಇಲ್ಲವೋ ಎಂದು ಗೊಣಗುತ್ತಾ ಕೈಗಡಿಯಾರ ನೋಡಿದ್ದೆ. ಈಗಲೂ ಕಣ್ಣು ಮುಚ್ಚಿದರೆ ಅದರ ಮುಳ್ಳುಗಳು ಅಲ್ಲೇ ನಿಂತಿರುತ್ತವೆ.

ಆ ಗಳಿಗೆಗೆ ಹೋಗುವ ಮುನ್ನ ನಮ್ಮ ದೊಡ್ಡವ್ವ ಎಂಥವಳೆಂದು ನಿಮಗೆ ತಿಳಿಯಬೇಕು. ಭತ್ತಕ್ಕೆ, ಬೆಲ್ಲಕ್ಕೆ, ಬಂಗಾರಕ್ಕೆ ಬೆಲೆ ಕಟ್ಟುವವರು ಊರೂರಿಗೂ ಇದ್ದಾರೆ. ಗಾಳಿಗೆ ಬೆಲೆ ಕಟ್ಟಲು ಹೊರಟವಳು ಮಾತ್ರ, ನನಗೆ ತಿಳಿದ ಮಟ್ಟಿಗೆ, ನಮ್ಮ ದೊಡ್ಡವ್ವ ಒಬ್ಬಳೇ! ನಮ್ಮವ್ವನ ಅಕ್ಕ. ಕಂಪ್ಲಿಯ ಅಕ್ಕಿ ಗಿರಣಿಯ ಮನೆಯಲ್ಲಿ ಹುಟ್ಟಿ, ಅರ್ಥಶಾಸ್ತ್ರ ಓದಿ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. “ಬೇಡಿಕಿ ಇತ್ತು, ಪೂರೈಕಿ ನಾನs ಕೊಡಲಿಲ್ಲ” ಎನ್ನುತ್ತಾಳೆ. ಕುರೆಕುಪ್ಪದಲ್ಲಿ ಸ್ವಂತ ಮನೆ ಕಟ್ಟಿಸಿದಳು. ಅಲ್ಲೇ ಹತ್ತಿರದ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕ ಮೇಲೆ ನಾನೂ ಆ ಮನೆ ಸೇರಿದೆ.

ಕುರೆಕುಪ್ಪದಲ್ಲಿ ಮನೆ ಕಟ್ಟಿಸಿದರೆ ಧೂಳು ಪುಕ್ಕಟೆ ಬರುತ್ತದೆ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಸಂಜೆ ಬೆರಳಿನಿಂದ ಮಗ್ಗಿ ಬರೆಯಬಹುದು. ಒಣಗಲು ಹಾಕಿದ ಬಿಳಿ ಲಂಗ ಇಳಿಸುವಷ್ಟರಲ್ಲಿ ಕಾವಿ ಬಣ್ಣಕ್ಕೆ ತಿರುಗಿ ಸನ್ಯಾಸ ತೆಗೆದುಕೊಂಡಿರುತ್ತದೆ! ಅದಿರಿನ ಲಾರಿಗಳು, ರೈಲು, ಚಿಮಣಿ, ಇವುಗಳ ನಡುವೆ ಜನ ಉಣ್ಣುತ್ತಾರೆ, ನಗುತ್ತಾರೆ, ಕೆಮ್ಮುತ್ತಾರೆ. ಹೊಟ್ಟೆಗೆ ಅನ್ನ ಹಾಕುವುದೂ ಆ ಗಣಿ, ಕಾರ್ಖಾನೆಗಳ ಕೆಲಸವೇ ಆದ್ದರಿಂದ ಧೂಳಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ಗಾಳಿಗೆ ಬೆಲೆ ಕಟ್ಟುವ ಲೆಕ್ಕದ ಬಗ್ಗೆ ದೊಡ್ಡವ್ವ ಎಲ್ಲೋ ಒಂದು ಲೇಖನ ಓದಿದಳು. ಅಂದು ಸಂಜೆ ಅವಲಕ್ಕಿ ಕಲಸುತ್ತಾ ನನಗೆ ಪಾಠ ಶುರುವಾಯಿತು.

“ಏ ಹುಡುಗಿ, ಗಾಳಿನ ಸಂತ್ಯಾಗ ಯಾರರ ಮಾರತಾರೇನು?”

“ಇಲ್ಲ.”

“ಮಾರದಿದ್ದ ಮ್ಯಾಲ ಅದಕ್ಕ ಧಾರಣಿ ಇಲ್ಲ. ಧಾರಣಿ ಇಲ್ಲದ್ದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ. ಹಂಗಾದ್ರ ಚೊಲೊ ಗಾಳಿ ಬೆಲಿ ತಿಳಿಯೋದು ಹೆಂಗ?”

“ಮಂದಿನ್ನ ಕೇಳು. ಚೊಲೊ ಗಾಳಿಗೆ ಎಷ್ಟು ಕೊಡ್ತೀರಿ ಅಂತ.”

“ಸುಳ್ಳು ಹೇಳ್ತಾರ! ವಸೂಲಿಗೆ ಬಂದೀಯೇನು ಅಂತ ಬಾಗಿಲಾ ಹಾಕ್ಕೋತಾರ. ಅದಕ್ಕ ಸುತ್ತು ಹಾಕಿ ಹೋಗಬೇಕು. ನೋಡು, ಇಬ್ರು ಅದಾರ ಅಂತ ತಿಳಿ. ಒಬ್ಬ ಧೂಳಿನ ಊರಾಗ, ಒಬ್ಬ ಚೊಲೊ ಗಾಳಿ ಊರಾಗ. ಪಗಾರ ಅಷ್ಟ, ಮನಿಮಂದಿ ಅಷ್ಟ. ಇಬ್ರನ್ನೂ ಹತ್ತಕ್ಕ ಎಷ್ಟು ಸುಖ ಅದೀರಿ ಅಂತ ಕೇಳು. ಅವ ಆರು ಅಂದ, ಇವ ಏಳು ಅಂದ. ಆ ಒಂದು ಎಲ್ಲಿ ಹೋತು?”

“ಎಲ್ಲಿ?”

“ಧೂಳು ತಿಂತು! ಈಗ ಧೂಳಿನ ಊರಿನವಗ ಪಗಾರ ಎಷ್ಟು ಏರಿಸಿದ್ರ ಅವನೂ ಏಳು ಅಂದಾನು? ಅದs ಗಾಳಿ ಬೆಲಿ.”

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ಅದನ್ನು ಮಾಡಿದವರು ಯಾರೋ, ಅವರು ನಮ್ಮ ಕಡೆ ಬಂದಿರಲಿಲ್ಲ ಅಷ್ಟೇ.

ಮೊದಲ ಬಲಿ ಹಾಲಿನವನು. ದೊಡ್ಡವ್ವ ಪಾತ್ರೆ ಹಿಡಿದುಕೊಂಡೇ ಕೇಳಿದಳು. “ಹತ್ತಕ್ಕ ಎಷ್ಟು ಸುಖ ಅದೀಯಪ್ಪಾ?”

“ಶಿವಾ ಇಟ್ಟಂಗ ಅದೀವ್ರಿ ಮೇಡಂ.”

“ಅದು ಹತ್ತಕ್ಕ ಎಷ್ಟು?”

“ಇಟ್ಟಾವನ್ನ ಕೇಳ್ರಿ! ನನಗೇನ್ ಗೊತ್ತು?”

ಎರಡನೆಯವಳು ಎದುರು ಮನೆಯ ಗೃಹಿಣಿ. ಗಂಡ ಕಾರ್ಖಾನೆಯ ಪಾಳಿಗೆ ಹೋಗುವವನು, ಒಂದು ಸಣ್ಣ ಮಗು. ಪಾಪ, ನಾಚುತ್ತಾ “ಒಂಬತ್ತು” ಎಂದಳು. ದೊಡ್ಡವ್ವ ಖುಷಿಯಿಂದ ಹಿಗ್ಗಿದಳು. ಸಂಜೆ ಅದೇ ಹೆಂಗಸು ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿ ಬಂದಳು. “ಮೇಡಂ, ಮೇಡಂ, ನಂದು ಆರು ಮಾಡ್ರಿ! ಒಂಬತ್ತು ಅಂದಿದ್ದs ತಡ, ಕೂಸಿಗೆ ಮೈ ಕಾದೈತಿ!” ದೊಡ್ಡವ್ವ ಆರು ಮಾಡಿದಳು. ಮಗುವಿನ ಜ್ವರ ಇಳಿಯಿತು. ಮಾರನೆಯ ದಿನದಿಂದ ಓಣಿಯಲ್ಲಿ ಆರಕ್ಕಿಂತ ಮೇಲೆ ಯಾರೂ ಹೋಗಲಿಲ್ಲ! ದೃಷ್ಟಿಯಾದೀತೆಂದು ಮೇಲಕ್ಕೆ ಹೋಗುವಂತಿಲ್ಲ, ಅಪಶಕುನವೆಂದು ಕೆಳಕ್ಕೆ ಇಳಿಯುವಂತಿಲ್ಲ. ಹೀಗೆ ಕುರೆಕುಪ್ಪದ ಸುಖ ಐದು ಮತ್ತು ಆರರ ನಡುವೆ ಸಿಕ್ಕಿಕೊಂಡು ಕೂತಿತು.

ಧೂಳಿಲ್ಲದ ಕಡೆಯ ಜನರೂ ಬೇಕಲ್ಲ? ರಜೆಯ ದಿನ ನನ್ನ ಸ್ಕೂಟರಿನ ಹಿಂದೆ ಕೂತು ದೊಡ್ಡವ್ವನ ಸವಾರಿ ಹೊರಟಿತು. ಹಂಪಿಯಲ್ಲಿ ಪ್ರವಾಸಿಗಳೆಲ್ಲ ಕೇಳುವ ಮೊದಲೇ ಹತ್ತು ಕೊಟ್ಟರು. “ಸೂಟಿ ಸುಖ, ಲೆಕ್ಕಕ್ಕ ಬರಂಗಿಲ್ಲ” ಎಂದು ದೊಡ್ಡವ್ವ ಅವರನ್ನೆಲ್ಲ ತಳ್ಳಿಹಾಕಿದಳು. ಹಿಂದಿರುಗುವಾಗ ಕಡ್ಡಿರಾಂಪುರದ ರಸ್ತೆ ಬದಿಯ ಖಾನಾವಳಿಯಲ್ಲಿ ಒಬ್ಬ ಟ್ರ್ಯಾಕ್ಟರಿನವನು ಸಿಕ್ಕ. ಕೇಳಿದ್ದಕ್ಕೆ ಮೂರು ಎಂದ. ಅಷ್ಟರಲ್ಲಿ ಅವನ ಮುಂದೆ ಬಿಸಿ ಮಿರ್ಚಿ, ಒಗ್ಗರಣಿ ಮಂಡಕ್ಕಿ ಬಂತು. ತಿಂದು, ಚಹಾ ಕುಡಿದು, ಬಾಯಿ ಒರೆಸಿಕೊಂಡು ತಾನಾಗಿಯೇ ನಮ್ಮ ಮೇಜಿಗೆ ಬಂದ. “ಅಮ್ಮಾರೆ, ಈಗ ಒಂಬತ್ತು ಬರ್ಕೋರಿ.”

ದೊಡ್ಡವ್ವ ಹಣೆ ಹಣೆ ಬಡಿದುಕೊಂಡಳು. “ಆರು ಅಂಕ! ಒಂದು ಪ್ಲೇಟ್ ಮಿರ್ಚಿಗೆ ಆರು ಅಂಕ! ಗಾಳಿಗೆ ಒಂದು ಅಂಕ ಹುಡಕಾಕ ನಾ ಊರೂರು ಸಾಯಾಕತ್ತೀನಿ!”

“ಹಂಗಾದ್ರ ಗಾಳಿ ಗೊಡವಿ ಬಿಟ್ಟು ಊರಿಗೆಲ್ಲ ಮಿರ್ಚಿ ಹಾಕಸ್ರಿ” ಎಂದು ಖಾನಾವಳಿಯ ಮಾಲೀಕ ಒಲೆಯ ಹಿಂದಿನಿಂದ ಕೂಗಿದ. ಅವನಿಗೇನು, ವ್ಯಾಪಾರ!

ಕಂಪ್ಲಿಗೂ ಹೋದೆವು. ಗಿರಣಿಯನ್ನು ಈಗ ನಡೆಸುವವನು ದೊಡ್ಡವ್ವನ ತಮ್ಮ, ಅಂದರೆ ನನ್ನ ಸೋದರಮಾವ. ಊರ ಅಂಚಿಗೆ ಮನೆ, ಹಿಂದೆ ಗದ್ದೆ, ಆಚೆ ಹೊಳೆ. ಗಿರಣಿ ಇರುವುದು ದೂರದಲ್ಲಿ. ಮಹಡಿಯ ಮೇಲೆ ನಿಂತರೆ ಹಸಿ ಭತ್ತದ ಪೈರಿನ ವಾಸನೆಯ ಗಾಳಿ ಸೆರಗು ಹಾರಿಸುತ್ತದೆ. ಇಲ್ಲಾದರೂ ಎಂಟು ಸಿಕ್ಕೀತೆಂದು ದೊಡ್ಡವ್ವನ ಆಸೆ. ಮಾವ ಯೋಚಿಸಿ ಯೋಚಿಸಿ ನಾಲ್ಕು ಎಂದ.

“ಯಾಕಲೇ? ಇಂಥಾ ಗಾಳಿ ಐತಿ, ಹೊಳಿ ಐತಿ, ಹೇಂತಿ ಚೊಲೊ ಅದಾಳ!”

“ಎಲ್ಲಾ ಐತಿ ಅಕ್ಕಾ. ಆದ್ರ ಬಾಜೂಕಿನವ ಹೊಸಾ ಮಿಷನ್ ತಂದಾನ. ನಮ್ಮದಕ್ಕಿಂತ ದೊಡ್ಡದು.”

ಅಷ್ಟಕ್ಕೇ ನಿಲ್ಲಲಿಲ್ಲ. ಹೊರಡುವಾಗ ಅಕ್ಕನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. “ಅಕ್ಕಾ, ಗಾಳಿಗೆ ಧಾರಣಿ ಖರೇನ ಬಂತಂದ್ರ ಮೊದಲ ನನಗ ಹೇಳು. ಹೊಳಿ ಕಡೆ ನಾಕು ಎಕರೆ ಕೊಂಡು ಒಗೀತೀನಿ.”

ಇಷ್ಟು ನಗೆಯ ನಡುವೆ ನಾನು ಒಂದನ್ನು ಗಮನಿಸಲೇ ಇಲ್ಲ. ನಮ್ಮ ಕಡೆ ಎದುರು ಸಿಕ್ಕವರು “ಆರಾಮದೀರೇನ್ರಿ?” ಎನ್ನುತ್ತಾರೆ. ಕೇಳಿಸಿಕೊಂಡವರು “ಆರಾಮ್ರಿ” ಎನ್ನುತ್ತಾರೆ. ಹಲ್ಲು ನೋವಿದ್ದವನೂ ಆರಾಮ, ಮನೆ ಜಪ್ತಿಯಾದವನೂ ಆರಾಮ. ಒಂದು ಸಲ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಂಚದ ಮೇಲಿದ್ದ ನಮ್ಮ ಶಾಲೆಯ ಜವಾನನನ್ನು ನೋಡಲು ಹೋದಾಗ ಅವನೂ ಆರಾಮ! ಇಲ್ಲವೆಂದು ಯಾರಾದರೂ ಅಂದರೆ ಕೇಳಿದವರಿಗೆ ಮುಂದೇನು ಮಾತಾಡಬೇಕೆಂದೇ ತಿಳಿಯುವುದಿಲ್ಲ. ನಾನು ದಿನಾ ಶಾಲೆಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಕೇಳುತ್ತಿದ್ದೆ, “ದೊಡ್ಡವ್ವ, ಆರಾಮದಿ ಹೌದಿಲ್ಲೋ?” ಅವಳು ಒಳಗಿನಿಂದಲೇ “ಆರಾಮ” ಎನ್ನುತ್ತಿದ್ದಳು. ಊರ ಮಂದಿಯ ಆರಾಮವನ್ನು ನಂಬದೆ ಕೆದಕಿ ಕೆದಕಿ ಅಂಕ ಕೇಳಿದವಳ ಆರಾಮವನ್ನು ನಾನು ದಿನಾ ನಂಬಿಕೊಂಡು ಹೋಗುತ್ತಿದ್ದೆ.

ಈಗ ಆ ಭಾನುವಾರ. ಸಂಡೂರಿನ ಮಂದಿಯ ಸುಖ ಕೇಳಲು ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ದೊಡ್ಡವ್ವನ ಬಾಯಿ ಎಂದಿನಂತೆ ನಡೆದೇ ಇತ್ತು. ಮೂಗಿಗೆ ಮಾಸ್ಕ್ ಕಟ್ಟಿಕೋ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. “ಮಾಸ್ಕ್ ಹಾಕ್ಕೊಂಡು ಸುಖ ಕೇಳಿದ್ರ ಮಂದಿ ಅಂಜತಾರ!” ದಾರಿಯಲ್ಲಿ ಒಂದು ಪಂಕ್ಚರ್ ಅಂಗಡಿಯವನನ್ನು ಮಾತಾಡಿಸಿದಳು. ಅಲ್ಲಿ ನಿಂತಿದ್ದಾಗಲೇ ಮುಂದೆ ಲಾರಿಗಳ ಸಾಲು ಕದಲಿತು. ಒಂದರ ಹೊದಿಕೆ ಬಿಚ್ಚಿಹೋಗಿತ್ತು. ಗಾಳಿ ಎದ್ದಿತು. ಕೆಂಪು ಮೋಡವೊಂದು ನಮ್ಮ ಮೇಲೆ ಬಂದು ಕೂತು, ಸ್ವಲ್ಪ ಹೊತ್ತು ಪಕ್ಕದಲ್ಲಿದ್ದವರ ಮುಖವೂ ಕಾಣಲಿಲ್ಲ. ಮೋಡ ಸರಿದ ಮೇಲೆ ದೊಡ್ಡವ್ವ ಕೆಮ್ಮುತ್ತಾ ಸ್ಕೂಟರ್ ಹತ್ತಿದಳು.

“ಹೆಂಗದಿ? ತಿರುಗಿ ಹೋಗೂಣೇನು?”

“ಆರಾಮ! ನಡಿ ನೀ.”

ನಡೆದೆ. ತುಸು ದೂರ ಹೋದ ಮೇಲೆ ನನಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಏನೆಂದು ಹೊಳೆಯಲು ತಡವಾಯಿತು. ಬೆನ್ನ ಹಿಂದೆ ಮಾತು ನಿಂತಿತ್ತು! ನನ್ನ ಜೀವಮಾನದಲ್ಲಿ ನಮ್ಮ ದೊಡ್ಡವ್ವ ಸ್ಕೂಟರಿನ ಮೇಲೆ ಸುಮ್ಮನೆ ಕೂತದ್ದಿಲ್ಲ. ಗಾಡಿ ನಿಲ್ಲಿಸಿ ತಿರುಗಿದರೆ ಅವಳ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು. ಕಣ್ಣುಗಳು ದೊಡ್ಡದಾಗಿ ತೆರೆದಿದ್ದವು. ಬಾಯಿ ತೆರೆದು ಗಾಳಿಯನ್ನು ಕಚ್ಚುತ್ತಿದ್ದಳು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಸುತ್ತ ಇಡೀ ಗುಡ್ಡ, ಇಡೀ ಆಕಾಶ ತುಂಬ ಗಾಳಿಯಿತ್ತು. ಅದರಲ್ಲಿ ಒಂದು ಬೊಗಸೆ ಅವಳಿಗೆ ಸಿಗುತ್ತಿರಲಿಲ್ಲ.

ನಾನು ರಸ್ತೆಯ ನಡುವೆ ನಿಂತು ಕೈ ಬೀಸಿದೆ. ಕಾರುಗಳು ಬಳಸಿಕೊಂಡು ಹೋದವು. ನಿಂತದ್ದು ಒಂದು ಅದಿರಿನ ಲಾರಿ. ಡ್ರೈವರ್ ಇಳಿದು ಬಂದು ಏನೂ ಕೇಳದೆ ದೊಡ್ಡವ್ವನನ್ನು ಎತ್ತಿ ಕ್ಯಾಬಿನ್ನಿಗೆ ಏರಿಸಿದ. ಲಾರಿ ಸಂಡೂರಿನ ಕಡೆಗೆ ಹಾರ್ನ್ ಹೊಡೆಯುತ್ತಾ ಓಡಿತು. ದೊಡ್ಡವ್ವ ನನ್ನ ಎದೆಗೆ ಒರಗಿದ್ದಳು. ಒರಗಿದ್ದವಳು ಕೈ ಎತ್ತಿ ಡ್ರೈವರನ ಕಡೆ ತೋರಿಸಿ, ಹತ್ತೂ ಬೆರಳು ಬಿಚ್ಚಿ ಹುಬ್ಬು ಹಾರಿಸಿದಳು.

“ಅಮ್ಮಾರು ಏನಂತಾರ್ರಿ?” ಡ್ರೈವರ್ ಗಾಬರಿಯಾದ.

ನನಗೆ ಅಳುವೂ ಬಂತು, ನಗುವೂ ಬಂತು. “ನೀವು ಹತ್ತಕ್ಕ ಎಷ್ಟು ಸುಖ ಅದೀರಿ ಅಂತ ಕೇಳಾಕತ್ತಾರ.”

“ಈಗೇನ್ರೀ? ಈಗ ಸೊನ್ನಿ! ಸೊನ್ನಿ ಅಂತ ಹೇಳ್ರಿ! ಈ ಅಮ್ಮ ನನ್ನ ಗಾಡ್ಯಾಗ ಉಸುರು ಬಿಟ್ರ ನನ್ನ ಗತಿ ಏನ್ರೀ ಅಕ್ಕಾರೆ!”

ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಇಟ್ಟರು, ಸೂಜಿ ಚುಚ್ಚಿದರು. ಬೆರಳಿಗೆ ಚಿಮಟದಂಥ ಯಂತ್ರ ಕಚ್ಚಿಸಿದರು. ಚಿಕ್ಕ ವಯಸ್ಸಿನ ಡಾಕ್ಟರು ಬಗ್ಗಿ ಕೇಳಿದರು. “ಅಮ್ಮಾ, ಈಗ ಹೆಂಗ ಅನಸ್ತೈತಿ?”

ಮಾಸ್ಕಿನ ಒಳಗಿನಿಂದ ಬಂತು ಉತ್ತರ. “ಆರಾ...ಮ.”

ಡಾಕ್ಟರು ಯಂತ್ರ ನೋಡಿದರು, ಅವಳ ಮುಖ ನೋಡಿದರು. “ಅಮ್ಮಾ, ನೀವು ಆರಾಮ ಅಂತೀರಿ. ಈ ಮಿಷನ್ ಹಂಗ ಅನವಲ್ದು. ಇಬ್ರಾಗ ಯಾರನ್ನ ನಂಬಲಿ?”

ಆಮೇಲೆ ಒಂದೊಂದೇ ಬಾಯಿಬಿಡಿಸಿದರು. ಉಸಿರು ಕಟ್ಟುವುದು ಯಾವಾಗಿನಿಂದ? ಯುಗಾದಿಗಿಂತ ಮೊದಲಿನಿಂದ. ಮಲಗಿದರೆ? ಮಲಗಲಾಗುವುದಿಲ್ಲ, ಗೋಡೆಗೆ ಒರಗಿ ಕೂರುತ್ತೇನೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲವೇ? ದೊಡ್ಡವ್ವ ನನ್ನ ಕಡೆ ನೋಡಲಿಲ್ಲ. “ಹುಡುಗಿ ಸಾಲಿಗೆ ಹೋಗೋ ಹೊತ್ತಿನ್ಯಾಗ ಕೇಳತಾಳ್ರಿ. ಸಾಲಿ ಗಂಟಿ ಬಾರಿಸೋ ಹೊತ್ತು. ಆಗ ಏನಂತ ಹೇಳೂದು?”

ಉಸಿರು ಹದಕ್ಕೆ ಬಂದ ಮೇಲೆ ಅವಳು ಹೇಳಿದ ಮೊದಲ ಪೂರ್ತಿ ವಾಕ್ಯ ಇದು. “ಏ ಹುಡುಗಿ, ನಮ್ಮ ಲೆಕ್ಕಾ ಪೂರ್ತಿ ತಪ್ಪೈತಿ. ಆರಾಮ ಅನ್ನೂದು ಉತ್ತರ ಅಲ್ಲ, ಅದು ನಮಸ್ಕಾರ ಇದ್ದಂಗ. ಮಂದಿ ಇಷ್ಟು ದಿನ ನನಗ ಬರೇ ನಮಸ್ಕಾರ ಮಾಡ್ಯಾರ!”

ಧೂಳಿನ ಊರಿಗೆ ಮರಳಿ ಕರೆದೊಯ್ಯಬೇಡಿ ಎಂದರು ಡಾಕ್ಟರು. ಮಾವ ಕಾರು ತಂದು ಅಕ್ಕನನ್ನು ಕಂಪ್ಲಿಗೆ ಕರೆದುಕೊಂಡು ಹೋದ. ದಾರಿಯಲ್ಲಿ ಕುರೆಕುಪ್ಪದ ಮನೆಯ ಮುಂದೆ ಕಾರು ನಿಂತಾಗ ದೊಡ್ಡವ್ವ ಒಳಗೆ ಬರಲಿಲ್ಲ. ನಾನು ಬಟ್ಟೆ ಗಂಟು ಕಟ್ಟಿ ತಂದುಕೊಟ್ಟೆ. ಕಿಟಕಿಯಿಂದಲೇ ಮನೆಯನ್ನು ನೋಡಿದಳು. “ತುಳಸಿಗೆ ನೀರು ಹಾಕು. ಎಲಿ ತೊಳದು ಹಾಕು, ಧೂಳು ಕುಂತಿರ್ತೈತಿ” ಎಂದಳು. ಅಷ್ಟೇ.

ಒಬ್ಬಳೇ ಇರುವ ಮನೆ ಎಂದರೆ ಏನೆಂದು ಆಗ ಗೊತ್ತಾಯಿತು. ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ ನಾನು ಮತ್ತೆ ಆ ಸ್ಕೂಟರಿನ ಮೇಲೆ ಇರುತ್ತಿದ್ದೆ. ಬೆನ್ನ ಹಿಂದೆ ಮಾತು ನಿಲ್ಲುತ್ತಿತ್ತು. ಎದ್ದು ಕೂರುತ್ತಿದ್ದೆ. ಹೊರಗೆ ಲಾರಿ ಹೋದರೆ ದೀಪ ಹಾಕುತ್ತಿದ್ದೆ. ಸದ್ದೇ ಇಲ್ಲದಿದ್ದರೆ ಅದನ್ನು ಆರಿಸುತ್ತಲೇ ಇರಲಿಲ್ಲ. ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಬಾಯಿ ತನ್ನಷ್ಟಕ್ಕೆ ತೆರೆಯುತ್ತಿತ್ತು. ಕೇಳಲು ಒಳಗೆ ಯಾರಿರುತ್ತಿದ್ದರು? ತುಳಸಿಯ ಎಲೆ ತೊಳೆಯುತ್ತಾ ತೊಳೆಯುತ್ತಾ ನನಗೆ ಶಾಲೆಗೆ ತಡವಾಗುತ್ತಿತ್ತು. ಅವಳ ಹೆಜ್ಜೆಸದ್ದು, ಅವಳ ತಕರಾರು, ಅವಲಕ್ಕಿಗೆ ಉಪ್ಪು ಹೆಚ್ಚಾಯಿತೆಂಬ ಅವಳ ದೂರು, ಏನಾದರೊಂದು ಬೇಕಾಗಿತ್ತು.

ಫೋನಿನಲ್ಲಿ ನಾವು ಒಂದು ಕಾಯಿದೆ ಮಾಡಿಕೊಂಡೆವು. ಆರಾಮ ಎಂಬ ಶಬ್ದಕ್ಕೆ ನಿಷೇಧ! ಎಲ್ಲಿಯವರೆಗೆ ನಡೆದೆ, ಎಲ್ಲಿ ಕೂತೆ ಎಂದು ಹೇಳಬೇಕು. “ಇವತ್ತು ಗದ್ದಿ ಬದುವಿನ ತನಕ ಹೋಗಿದ್ದೆ. ಬರೂ ಮುಂದ ಕಾಲುವಿ ಕಟ್ಟಿ ಮ್ಯಾಲ ಕುಂತೆ.” ಮುಂದಿನ ವಾರ “ಹೊಳಿ ತನಕ ಹೋಗಿದ್ದೆ. ಕುಂದರಲೇ ಇಲ್ಲ.” ಉಸಿರು ಗೆಲ್ಲುತ್ತಿತ್ತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅವಳು ಅಲ್ಲಿ ಗುಣವಾದಷ್ಟೂ ಇಲ್ಲಿಗೆ ಬರುವುದು ದೂರವಾಗುತ್ತಿತ್ತು.

ಒಂದು ದಿನ ನಾನೇ ಕೇಳಿದೆ. “ಹೇಳು ನೋಡೂಣು, ಹತ್ತಕ್ಕ ಎಷ್ಟು?”

“ನಾಕು.”

“ಯಾಕ? ಬಾಜೂಕಿನವ ಇನ್ನೊಂದು ಮಿಷನ್ ತಂದಾನೇನು?”

ನಗಲಿಲ್ಲ. “ಕುರೆಕುಪ್ಪದಾಗ ಉಸುರು ಸಿಗಲಾರದಾಗೂ ನಂದು ಏಳು ಇತ್ತು. ಇಲ್ಲೆ ಗಾಳಿ ಅಮೃತ ಇದ್ದಂಗ ಐತಿ, ನಾಕಕ್ಕ ಇಳಿದೈತಿ. ಪಿಂಚಣಿ ಅಷ್ಟs ಐತಿ. ನನ್ನ ಲೆಕ್ಕದ ಪ್ರಕಾರ ಇಂಥಾ ಗಾಳಿ ಕುಡಿಯಾಕ ಸರಕಾರದವ್ರು ನನಗs ರೊಕ್ಕಾ ಕೊಡಬೇಕಾಗೈತಿ! ಇದೆಂಥಾ ಲೆಕ್ಕನs ಹುಡುಗಿ?”

ನಂತರ ಮೆಲ್ಲಗೆ ಹೇಳಿದಳು. “ಮನಿಮಂದಿ ಅಷ್ಟ ಇರಬೇಕು ಅಂತ ಹಿಡದಿದ್ನೆಲ್ಲಾ ಲೆಕ್ಕದಾಗ. ಅದು ಅಷ್ಟ ಇಲ್ಲಲ್ಲ.”

ಫೋನಿಟ್ಟ ಸ್ವಲ್ಪ ಹೊತ್ತಿಗೆ ಮಾವನ ಹೆಂಡತಿ, ನಮ್ಮ ಅತ್ತಿ, ತಾನಾಗಿ ಫೋನು ಮಾಡಿದಳು. ಆಕೆ ಮುಚ್ಚಿ ಮಾತಾಡುವವಳಲ್ಲ. “ನಿಮ್ಮ ದೊಡ್ಡವ್ವ ನಿದ್ದಿನ ಮಾಡವಲ್ಲಳು. ಉಸುರು ಚೊಲೊ ಐತಿ, ಮತ್ತ ಯಾಕ ನಿದ್ದಿ ಇಲ್ಲಂದ್ರ, ಹುಡುಗಿ ಅಲ್ಲೆ ಒಬ್ಬಾಕಿನ ಧೂಳು ಕುಡಿಯಾಕತ್ತಾಳ ಅಂತಾಳ. ನೀ ಬಂದ್ರ ಬಾ, ಇಲ್ಲಾಂದ್ರ ಆಕಿನ್ನ ಕರಕೊಂಡು ಹೋಗು. ನನ್ನ ಕೈಲಿ ನೋಡಾಕ ಆಗವಲ್ದು ತಂಗಿ.”

ಕರೆದುಕೊಂಡು ಬರುವಂತಿರಲಿಲ್ಲ. ಹಾಗಾಗಿ ನಾನು ಹೋದೆ. ಕುರೆಕುಪ್ಪದ ಮನೆಯನ್ನು ಎದುರು ಮನೆಯವರ ಬಂಧುಗಳಿಗೆ ಬಾಡಿಗೆಗೆ ಕೊಟ್ಟೆ. ತುಳಸಿಯನ್ನು ಮಣ್ಣಿನ ಸಮೇತ ಕಿತ್ತು ಡಬ್ಬಿಗೆ ಹಾಕಿಕೊಂಡೆ. ಕಂಪ್ಲಿಯಲ್ಲಿ ಇಳಿದಾಗ ದೊಡ್ಡವ್ವ ಬಾಗಿಲಲ್ಲೇ ಜಗಳ ತೆಗೆದಳು.

“ದಿನಾ ಎರಡು ಬಸ್ ಹೋಗೂದು, ಎರಡು ಬಸ್ ಬರೂದು! ಪಗಾರ ಒಂದು ರೂಪಾಯಿ ಏರಂಗಿಲ್ಲ, ಹೊತ್ತು ಎಲ್ಲಾ ದಾರ್ಯಾಗ! ನಿನ್ನ ಸುಖ ಇಳೀತೈತಿ ನೋಡು!”

“ಇಳೀಲಿ ಬಿಡು.”

“ಅರ್ಥಶಾಸ್ತ್ರ ಓದಲಾರದವರ ಹಣೇಬರನs ಇಷ್ಟು!” ಎನ್ನುತ್ತಾ ನನ್ನ ಗಂಟನ್ನು ಕಸಿದುಕೊಂಡು ಒಳಗೆ ನಡೆದಳು. ಹಿಂದೆ ತಿರುಗಿ ನೋಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡದ್ದು ಮಾತ್ರ ಕಂಡಿತು.

ನಿದ್ದೆ ಹಾಗೆಲ್ಲ ಒಮ್ಮೆಲೇ ಬರಲಿಲ್ಲ. ಒಂದೇ ಕೋಣೆಯಲ್ಲಿ ಪಕ್ಕ ಪಕ್ಕ ಹಾಸಿಗೆ. ಅವಳ ಉಸಿರು ಕೇಳುತ್ತದೆಯೋ ಇಲ್ಲವೋ ಎಂದು ನಾನು ಎಚ್ಚರವಿರುತ್ತಿದ್ದೆ. ನಾನು ನಿದ್ದೆ ಮಾಡಿದೆನೋ ಇಲ್ಲವೋ ಎಂದು ಅವಳು ಎಚ್ಚರವಿರುತ್ತಿದ್ದಳು. ಇಬ್ಬರೂ ಕಣ್ಣು ಮುಚ್ಚಿ ಒಬ್ಬರಿಗೊಬ್ಬರು ಗೊರಕೆಯ ನಾಟಕ ಆಡಿದ್ದೇ ಆಡಿದ್ದು!

ಶ್ರಾವಣದ ಒಂದು ಸೋಮವಾರ ನನಗೆ ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು. ಬಾಗಿಲಲ್ಲಿ ಅತ್ತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. “ಶ್ರಾವಣ ಸೋಮವಾರ, ಮನಿ ಹೆಣ್ಮಕ್ಕಳು ಮಲಗೂ ಪರಿ ನೋಡು! ಹಾಲಿನವ ಬಂದು ಹೋದ, ಹೂವಿನಾಕಿ ಬಂದು ಹೋದಳು, ನಿನ್ನ ಬಸ್ಸೂ ಹೋತು. ಎಬ್ಬಿಸಲೇನು ಆಕಿನ್ನ?”

ನಾನು ಪಕ್ಕಕ್ಕೆ ನೋಡಿದೆ. ದಿಂಬು ದೂರ ಬಿದ್ದಿತ್ತು. ದೊಡ್ಡವ್ವ ಅಂಗಾತ ಮಲಗಿ, ಬಾಯಿ ತೆರೆದು, ಯಾವ ನಾಟಕವೂ ಇಲ್ಲದ ಗೊರಕೆ ಹೊಡೆಯುತ್ತಿದ್ದಳು. ಏಳಲು ಹೋದರೆ ತಲೆ ಜಗ್ಗಿತು. ನನ್ನ ಜಡೆಯ ತುದಿ ಅವಳ ಮುಷ್ಟಿಯಲ್ಲಿತ್ತು.

“ಬ್ಯಾಡ ಅತ್ತಿ” ಎಂದು ಪಿಸುಗುಟ್ಟಿ, ಬಿಡಿಸಿಕೊಳ್ಳದೆ, ಮತ್ತೆ ಮಲಗಿಕೊಂಡೆ.